ಸೊನ್ನೆ ಅಕ್ಕನ ಒಂಬತ್ತನೆಯ ಸಾಲು

ಬಂದರಿನ ಎರಡನೆಯ ಗೇಟಿನ ಪಕ್ಕದಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಇದೆ. ಹದಿನೆಂಟು ಮೀಟರ್ ಉದ್ದದ ಕಬ್ಬಿಣದ ಹಲಗೆ, ಅದಕ್ಕೆ ಅಂಟಿಕೊಂಡಂತೆ ಎರಡು ಕಿಟಕಿಯ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಮೂವತ್ತೊಂದು ವರ್ಷಗಳಿಂದ ಕೂತಿರುವ ಹೆಂಗಸನ್ನು ಲಾರಿಯವರೆಲ್ಲ ಸೊನ್ನೆ ಅಕ್ಕ ಎಂದು ಕರೆಯುತ್ತಾರೆ. ಒಂದು ಲಾರಿ ಹಲಗೆಯಿಂದ ಇಳಿದ ಮೇಲೆ, ಮುಂದಿನದು ಹತ್ತುವ ಮೊದಲು, ಅವಳು ಯಂತ್ರದ ಅಂಕಿ ನೋಡಿ ಕಿಟಕಿಯಿಂದ ಕೂಗುತ್ತಾಳೆ: "ಸೊನ್ನೆ!" ಆ ಕೂಗು ಕೇಳುವವರೆಗೆ ಯಾವ ಲಾರಿಯೂ ಹತ್ತುವಂತಿಲ್ಲ. ಹಲಗೆಯ ಮೇಲೆ ನೀರು ನಿಂತಿದ್ದರೆ ತಾನೇ ಪೊರಕೆ ಹಿಡಿದು ತಳ್ಳುತ್ತಾಳೆ. ಒಮ್ಮೆ ಹಲಗೆಯ ತುದಿಯಲ್ಲಿ ನಾಯಿಯೊಂದು ಮಲಗಿ ಇಪ್ಪತ್ತು ಕಿಲೋ ತೋರಿಸುತ್ತಿತ್ತು. ಅದು ತನ್ನಷ್ಟಕ್ಕೆ ಎದ್ದು ಮೈಮುರಿದು ಹೋಗುವವರೆಗೆ ಹನ್ನೊಂದು ಲಾರಿಗಳು ಕಾದವು.

ಲಾರಿಯನ್ನು ಖಾಲಿ ಇದ್ದಾಗ ಒಮ್ಮೆ, ತುಂಬಿದ ಮೇಲೆ ಒಮ್ಮೆ ತೂಗುತ್ತಾರೆ. ಎರಡರ ವ್ಯತ್ಯಾಸವೇ ಸರಕಿನ ತೂಕ. ತುಂಬಿದ ಲಾರಿ ತೂಗುವಾಗ ಕ್ಯಾಬಿನ್ನಿನಲ್ಲಿ ಒಬ್ಬಿಬ್ಬರು ಹೆಚ್ಚಿಗೆ ಕೂತರೆ ಅವರೂ ಸರಕಾಗಿಬಿಡುತ್ತಾರೆ. ಆದ್ದರಿಂದ ಅಕ್ಕ ಪ್ರತಿ ಸಲ ಹೊರಗೆ ಬಂದು ತಲೆ ಎಣಿಸುತ್ತಾಳೆ. ಇದರಲ್ಲಿ ಅತಿ ಹೆಚ್ಚು ಸಲ ಸಿಕ್ಕಿಬಿದ್ದವನು ಮೀಸೆ. ಇಪ್ಪತ್ತು ವರ್ಷಗಳಿಂದ ಅದೇ ನೀಲಿ ಲಾರಿ ಓಡಿಸುತ್ತಿರುವ ಅವನ ಮೀಸೆ ಲಾರಿಯ ಕನ್ನಡಿಗಿಂತ ಅಗಲ.

"ಹತ್ತು ಕಿಲೋ ಏನು ಮಹಾ ಅಕ್ಕ? ಕಣ್ಣು ಮುಚ್ಚಿಬಿಡಿ."

"ಹತ್ತು ಕಿಲೋ ಅಂದ್ರೆ ಹತ್ತು ಕಿಲೋ. ನಿನ್ನ ಭಾವ ಎಪ್ಪತ್ತು ಇದಾನೆ, ಕೆಳಗಿಳಿಸು."

"ಅವನು ನಿದ್ದೆ ಮಾಡ್ತಾ ಇದಾನೆ."

"ನಿದ್ದೆ ಮಾಡೋರ ತೂಕ ಕಮ್ಮಿ ಆಗುತ್ತೇನೋ?"

ಊರಿಗೆ ಬರುವ, ಊರಿನಿಂದ ಹೋಗುವ ಎಲ್ಲವೂ ಅವಳ ಕಣ್ಣ ಮುಂದೆ ಹಾದುಹೋಗಿದೆ. ಅವಳು ಮಾತ್ರ ಎಲ್ಲಿಗೂ ಹೋಗಿದ್ದಿಲ್ಲ. ಮದುವೆ ಆಗಿಲ್ಲ. ಟೈರು ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ತಂಗಿಯ ಜೊತೆ ಇದ್ದಾಳೆ. ತಂಗಿ ಶಾಲೆಗಳಿಗೆ ಯೂನಿಫಾರ್ಮ್ ಹೊಲಿಯುತ್ತಾಳೆ. ಅವಳ ಬಾಯಿ ಮತ್ತು ಮಿಷನ್ನು ಒಟ್ಟಿಗೇ ಓಡುತ್ತವೆ.

ಎಲ್ಲ ಶುರುವಾದದ್ದು ಆಲೂಗೆಡ್ಡೆಯಿಂದ. ಆ ವರ್ಷ ತಿಂಗಳಿಗೊಮ್ಮೆ ಪ್ರವಾಸಿಗರ ದೊಡ್ಡ ಬಿಳಿ ಹಡಗೊಂದು ಬರತೊಡಗಿತ್ತು. ಅದಕ್ಕೆ ಹೋಗುವ ತರಕಾರಿ ಲಾರಿಗಳನ್ನು ತೂಗುತ್ತ ಅಕ್ಕ ಲೆಕ್ಕ ಹಾಕಿದಳು. ಹದಿನಾಲ್ಕು ಟನ್ ಆಲೂಗೆಡ್ಡೆ, ಮೂರು ಸಾವಿರ ಜನ, ಹತ್ತು ದಿನ.

"ದಿನಕ್ಕೆ ತಲೆಗೆ ಹತ್ತಿರ ಹತ್ತಿರ ಅರ್ಧ ಕಿಲೋ ಕಣೇ. ಅಷ್ಟು ಹ್ಯಾಗೆ ತಿಂತಾರೆ?" ಎಂದು ಮನೆಯಲ್ಲಿ ಕೇಳಿದಳು.

"ಹೋಗಿ ನೋಡ್ಕೊಂಡು ಬಾ. ನಿನ್ನ ತಲೆಯಲ್ಲಿ ಹುಳ ಹೊಕ್ಕರೆ ನನಗೆ ನಿದ್ದೆ ಇಲ್ಲ," ಎಂದಳು ತಂಗಿ.

ನೋಡಿ ಬರಲು ದಾರಿಯೂ ಇತ್ತು. ಹಡಗು ದಡದಲ್ಲಿ ನಿಂತ ದಿನ ಊರಿನವರು ಹಣ ಕೊಟ್ಟು ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಒಳಗೆ ಓಡಾಡಿ, ಊಟ ಮಾಡಿ ಇಳಿಯಬಹುದು. ಇಳಿಯುವಾಗ ಕಂಪನಿಯವರು ಒಂದು ಚೀಟಿ ಕೊಡುತ್ತಾರೆ. ಒಂದು ವರ್ಷದೊಳಗೆ ನಿಜವಾದ ಪ್ರಯಾಣಕ್ಕೆ ಟಿಕೆಟ್ ಮಾಡಿಸಿದರೆ, ಈ ದಿನಕ್ಕೆ ಕೊಟ್ಟ ಹಣವನ್ನು ಆ ಟಿಕೆಟ್ಟಿನಲ್ಲಿ ಕಳೆಯುತ್ತಾರೆ. ರುಚಿ ತೋರಿಸಿ ಗಿರಾಕಿ ಹಿಡಿಯುವ ವ್ಯಾಪಾರ.

ಅಕ್ಕ ಒಂದು ದಿನ ರಜೆ ಹಾಕಿ ಹೋದಳು. ಆಲೂಗೆಡ್ಡೆಯ ಗುಟ್ಟು ಊಟದ ಕೋಣೆಯಲ್ಲೇ ಬಯಲಾಯಿತು: ಬೇಯಿಸಿದ್ದು, ಹುರಿದದ್ದು, ಅರೆದದ್ದು, ಸೂಪು ಮಾಡಿದ್ದು, ಒಟ್ಟು ಏಳು ಬಗೆ, ಜೊತೆಗೆ ತಟ್ಟೆಯಲ್ಲಿ ಬಿಟ್ಟು ಎದ್ದವರೇ ಬೇಕಾದಷ್ಟು. ಅಷ್ಟಕ್ಕೇ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಊಟವಾದ ಮೇಲೆ ನಾಲ್ಕನೆಯ ಮಹಡಿಯ ಟೀ ಕೋಣೆಯಲ್ಲಿ ಕೂತಳು. ಕರವಸ್ತ್ರ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ರಸಮಟ್ಟ ಸಿಕ್ಕಿತು. ವೇಬ್ರಿಡ್ಜಿನ ಹಲಗೆ ಸಮವಾಗಿದೆಯೇ ಎಂದು ದಿನವೂ ನೋಡಲು ಇಟ್ಟುಕೊಂಡ ಅಂಗೈಯುದ್ದದ ಸಾಧನ ಅದು: ಗಾಜಿನ ಕೊಳವೆ, ಒಳಗೆ ಹಸಿರು ದ್ರವ, ದ್ರವದಲ್ಲಿ ಒಂದು ಗುಳ್ಳೆ. ಗುಳ್ಳೆ ನಡುವಿನಲ್ಲಿ ನಿಂತರೆ ಸಮ. ಸುಮ್ಮನೆ ಮೇಜಿನ ಮೇಲಿಟ್ಟಳು.

ಗುಳ್ಳೆ ಎಡಕ್ಕೆ ಒಂದು ಗೆರೆಯಷ್ಟು ಸರಿದು ನಿಂತಿತು.

ಮೇಜು ಸೊಟ್ಟಗಿರಬಹುದು ಅಥವಾ ರಸಮಟ್ಟವೇ ಕೆಟ್ಟಿರಬಹುದು. ರಸಮಟ್ಟವನ್ನು ತಿರುಗಿಸಿ, ಬಲದ ತುದಿಯನ್ನು ಎಡಕ್ಕೆ ಮಾಡಿ ಇಟ್ಟಳು. ಗುಳ್ಳೆ ಮತ್ತೆ ಅದೇ ಕಡೆಗೆ ಹೋಯಿತು. ಹಾಗಾದರೆ ಸಾಧನದ ತಪ್ಪಲ್ಲ. ಅರ್ಧ ಗಂಟೆ ಬಿಟ್ಟು ನೋಡಿದಾಗ ಗುಳ್ಳೆ ಒಂದೂವರೆ ಗೆರೆಗೆ ಹೋಗಿತ್ತು. ಹಾಗಾದರೆ ಮೇಜಿನ ತಪ್ಪೂ ಅಲ್ಲ. ಬೆಟ್ಟದಂತೆ ನಿಂತ ಹಡಗು, ಕಪ್ಪಿನಲ್ಲಿ ಟೀ ಅಲುಗಾಡುತ್ತಿಲ್ಲ, ಆದರೂ ಇಡೀ ಹಡಗು ಮೆಲ್ಲಗೆ ಒಂದು ಮಗ್ಗುಲಿಗೆ ವಾಲುತ್ತಿತ್ತು. ನೀರು ತುಂಬುತ್ತಿದ್ದಾರೆಯೇ, ಸರಕು ಇಳಿಸುತ್ತಿದ್ದಾರೆಯೇ, ಹಗ್ಗ ಎಳೆಯುತ್ತಿದೆಯೇ? ನಿಂತಾಗಲೇ ಹೀಗಾದರೆ ಹೊರಟಾಗ ಹೇಗೆ?

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಹಡಗು ಹೊರಡುವ ಕ್ಷಣದಲ್ಲಿ ಅದೇ ಮೇಜಿನ ಮೇಲೆ ಗುಳ್ಳೆ ಎಲ್ಲಿರುತ್ತದೆ ಎಂದು ಕಣ್ಣಾರೆ ನೋಡಬೇಕು. ಅದಕ್ಕೆ ಪ್ರಯಾಣಿಕಳಾಗಿ ಹೋಗಬೇಕು. ಅತಿ ಚಿಕ್ಕ ಪ್ರಯಾಣ ಎರಡು ರಾತ್ರಿಯದು, ಪಕ್ಕದ ಬಂದರಿಗೆ ಹೋಗಿ ಬರುವುದು. ಅದರ ದರ ಸರಿಯಾಗಿ ಎಂಟು ದಿನದ ಭೇಟಿಗಳಷ್ಟು.

"ಎಂಟು ಸಲ ಹೋದ್ರೆ ಎಂಟು ಚೀಟಿ. ಎಂಟು ಚೀಟಿ ಸೇರಿದ್ರೆ ಒಂದು ಟಿಕೆಟ್ಟು," ಎಂದಳು ಮನೆಗೆ ಬಂದು.

"ಆ ದುಡ್ಡು ಕೂಡಿಟ್ಟು ಒಂದೇ ಸಲ ಟಿಕೆಟ್ಟು ತಗೊಂಡ್ರೆ ಆಗಲ್ವೇ?"

"ಖರ್ಚು ಎರಡಕ್ಕೂ ಒಂದೇ. ಹೀಗೆ ಮಾಡಿದ್ರೆ ಎಂಟು ಊಟ ಬಿಟ್ಟಿ. ಜೊತೆಗೆ ಎಂಟು ರೀಡಿಂಗು. ನಿಂತಾಗ ಹೇಗಿರುತ್ತೆ ಅಂತ ಗೊತ್ತಿಲ್ಲದೆ, ಹೊರಟಾಗ ಏನಾಯ್ತು ಅಂತ ಹ್ಯಾಗೆ ಹೇಳೋದು? ಖಾಲಿ ಲಾರಿ ತೂಗದೆ ತುಂಬಿದ್ದು ತೂಗಿದ ಹಾಗೆ."

ತಂಗಿ ಹಲ್ಲಿನಲ್ಲಿ ದಾರ ಕಡಿದಳು. "ಅಲ್ಲಕ್ಕಾ, ಜನ ಹಡಗಿಗೆ ಹೋದ್ರೆ ಫೋಟೋ ತಗೊಂಡು ಬರ್ತಾರೆ. ನೀನು ಮೇಜಿನ ಜಾತಕ ಬರ್ಕೊಂಡು ಬರ್ತೀಯ."

"ಹನಿ ಹನಿ ಕೂಡಿದ್ರೆ ಹಳ್ಳ ಕಣೇ."

"ನೋಡೋಣ, ಹಳ್ಳಕ್ಕೆ ಯಾರು ಬೀಳ್ತಾರೆ ಅಂತ."

ಹೀಗೆ ಹನ್ನೊಂದು ತಿಂಗಳಲ್ಲಿ ಅಕ್ಕ ಎಂಟು ಸಲ ಹೋದಳು. ಪ್ರತಿ ಸಲವೂ ಅದೇ ಟೀ ಕೋಣೆ, ಕಿಟಕಿಯ ಪಕ್ಕದ ಅದೇ ಮೂರನೆಯ ಮೇಜು. ಬೇರೆ ಯಾರಾದರೂ ಕೂತಿದ್ದರೆ ಎದ್ದು ಹೋಗುವವರೆಗೆ ನಿಂತೇ ಇರುತ್ತಿದ್ದಳು. ನೋಟ್‌ಪುಸ್ತಕದಲ್ಲಿ ಸ್ಕೇಲಿಟ್ಟು ಒಂಬತ್ತು ಸಾಲು ಎಳೆದಿದ್ದಳು, ನಿಂತ ಹಡಗಿಗೆ ಎಂಟು, ಹೊರಟ ಹಡಗಿಗೆ ಒಂದು. ಐದನೆಯ ಭೇಟಿಯಲ್ಲಿ ಟೀ ತರುವವನು ಅವಳು ಬಗ್ಗಿ ಮೇಜನ್ನೇ ನೋಡುತ್ತಿರುವುದನ್ನು ಕಂಡು, ಮೇಜು ಅಲುಗುತ್ತಿರಬೇಕೆಂದು ಕಾಗದ ಮಡಿಚಿ ಕಾಲಿನಡಿಗೆ ತುರುಕಲು ಬಂದ. ಅಕ್ಕ ಹೌಹಾರಿದಳು. "ಮುಟ್ಟಬೇಡಪ್ಪಾ! ನಾಲ್ಕು ತಿಂಗಳ ರೀಡಿಂಗು ಹಾಳಾಗುತ್ತೆ!" ಅವನು ಕಾಗದ ಹಿಡಿದುಕೊಂಡೇ ಹಿಂದೆ ಸರಿದ. ಮುಂದಿನ ಸಲದಿಂದ ಅವಳು ಬಂದರೆ ಆ ಮೇಜು ಖಾಲಿ ಇರುವಂತೆ ಅವನೇ ನೋಡಿಕೊಳ್ಳುತ್ತಿದ್ದ.

ಎಂಟು ಸಾಲು ತುಂಬಿತು. ಎಂಟರಲ್ಲಿ ಒಂದು ದಿನವೂ ಗುಳ್ಳೆ ನಡುವಿನಲ್ಲಿ ನಿಲ್ಲಲಿಲ್ಲ.

ಎಂಟನೆಯ ಭೇಟಿಯ ದಿನ ಊಟ ಮುಗಿಸಿ, ಎಂಟು ಚೀಟಿಗಳನ್ನು ಕ್ಲಿಪ್ಪು ಹಾಕಿಕೊಂಡು ಬುಕಿಂಗ್ ಮೇಜಿಗೆ ಹೋದಳು. ಅಲ್ಲಿದ್ದ ಹುಡುಗಿ ಚೀಟಿಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಮುಖ ಸಣ್ಣದು ಮಾಡಿಕೊಂಡಳು.

"ಮೇಡಂ, ಇಷ್ಟೂ ಒಬ್ಬರ ಟಿಕೆಟ್ಟಿಗೆ ಆಗಲ್ಲ. ಒಬ್ಬರಿಗೆ ಒಂದೇ ಚೀಟಿ."

"ಎಂಟೂ ನನ್ನವೇ ಅಮ್ಮಾ. ತಾರೀಕು ನೋಡು, ಒಂದೂ ಹಳೇದಾಗಿಲ್ಲ."

"ಗೊತ್ತಾಗುತ್ತೆ ಮೇಡಂ. ಆದ್ರೆ ಕೂಡಿಸೋ ಹಾಗಿಲ್ಲ. ನಿಯಮ ಎಲ್ಲ ಚೀಟಿ ಹಿಂದೆ ಬರೆದಿದೆ, ನೋಡಿಲ್ವಾ?"

ನೋಡಿರಲಿಲ್ಲ. ವೇಬ್ರಿಡ್ಜಿನ ಚೀಟಿ ಕಾರ್ಬನ್ ಹಾಕಿ ಮೂರು ಪ್ರತಿ ಬರುವಂಥದ್ದು. ಅದರ ಹಿಂಬದಿಯಲ್ಲಿ ಮಸಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಕೈ ಕಪ್ಪಾಗುತ್ತದೆಂದು ಮೂವತ್ತೊಂದು ವರ್ಷದಲ್ಲಿ ಅವಳು ಒಂದು ಚೀಟಿಯನ್ನೂ ಮಗುಚಿದವಳಲ್ಲ. ಸಂಜೆ ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ಕೂಡಿಸುವುದು, ಅಷ್ಟೇ. ಚೀಟಿ ಎಂದಮೇಲೆ ಕೂಡಿಸಲು ಬರದೆ ಇರುತ್ತದೆಂದು ಅವಳಿಗೆ ಹೊಳೆದೂ ಇರಲಿಲ್ಲ.

"ಇರಲಿ ಬಿಡು. ಮುಂದಿನ ವರ್ಷ ದುಡ್ಡು ಸೇರಿಸ್ಕೊಂಡು ಬರ್ತೀನಿ."

ಹುಡುಗಿ ಇನ್ನೂ ಮೆಲ್ಲಗೆ ಹೇಳಿದಳು. "ಮುಂದಿನ ವರ್ಷ ಈ ಬಂದರು ನಮ್ಮ ಪಟ್ಟಿಯಲ್ಲಿಲ್ಲ ಮೇಡಂ. ಇಲ್ಲಿಂದ ಇನ್ನೊಂದೇ ಪ್ರಯಾಣ ಉಳಿದಿರೋದು. ಇವತ್ತಿಗೆ ಮೂರು ವಾರಕ್ಕೆ. ಬುಕಿಂಗು ಇನ್ನು ಹನ್ನೆರಡು ದಿನಕ್ಕೆ ಮುಗಿಯುತ್ತೆ."

ಅಷ್ಟರಲ್ಲಿ ಭೇಟಿಯವರು ಇಳಿಯಬೇಕೆಂದು ಗಂಟೆ ಹೊಡೆಯಿತು. ಅಕ್ಕ ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು ಇಳಿದಳು. ಮನೆಯಲ್ಲಿ ಏನೂ ಹೇಳಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋದಳು, ಅಂಕಿ ನೋಡಿದಳು, "ಸೊನ್ನೆ" ಎಂದಳು. ಕೂಗಲಿಲ್ಲ, ಅಂದಳು ಅಷ್ಟೆ. ನೀಲಿ ಲಾರಿಯ ಮೀಸೆಗೆ ಕೇಳಿಸದೆ ಅವನು ಹಲಗೆಯ ಕೆಳಗೇ ಐದು ನಿಮಿಷ ಕಾದ. ಆಮೇಲೆ ಕಿಟಕಿಗೆ ಬಂದು, "ಗಂಟಲು ಕೆಟ್ಟಿದೆಯಾ ಅಕ್ಕ?" ಎಂದು ವಿಚಾರಿಸಿದ.

ನಾಲ್ಕನೆಯ ದಿನ ಅಕ್ಕನ ಚೀಲದ ಜಿಪ್ಪು ಕಿತ್ತುಬಂತು. ಹೊಲಿಯಲು ಕೂತ ತಂಗಿ ಒಳಗಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದಳು. ಕ್ಲಿಪ್ಪು ಹಾಕಿದ ಚೀಟಿಗಳು ಹೊರಬಿದ್ದವು.

"ಇದ್ಯಾಕೆ ಇನ್ನೂ ಇಲ್ಲೇ ಇದೆ? ಟಿಕೆಟ್ಟು ಮಾಡಿಸಿಲ್ವಾ?"

ಆಗ ಅಕ್ಕ ಹೇಳಲೇಬೇಕಾಯಿತು. ಹೇಳಿ ಮುಗಿಸಿ, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋಗಲಿ, ಎಂಟು ಊಟ ಆಯ್ತಲ್ಲ," ಎಂದಳು.

ತಂಗಿ ಕೇಳಿಸಿಕೊಳ್ಳುತ್ತಿರಲಿಲ್ಲ. ಬಟ್ಟೆ ಕೈಗೆ ಸಿಕ್ಕರೆ ಮೊದಲು ಮಗುಚಿ ಹಿಂಬದಿಯ ಹೊಲಿಗೆ ನೋಡುವುದು ಅವಳ ಅಭ್ಯಾಸ. ಮುಂಬದಿ ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ ಎನ್ನುವುದು ಅವಳ ಸಿದ್ಧಾಂತ. ಚೀಟಿಯನ್ನೂ ಹಾಗೇ ಮಗುಚಿದ್ದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಿದಳು.

"'ಒಬ್ಬ ಪ್ರಯಾಣಿಕರಿಗೆ ಒಂದು ಚೀಟಿ ಮಾತ್ರ.' ಸರಿ, ಇದನ್ನ ಆ ಹುಡುಗಿ ಹೇಳಿದಾಳೆ. ಕೆಳಗೆ ನೋಡು ಇಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ. 'ಒಬ್ಬರ ಬಳಿ ಹೆಚ್ಚು ಚೀಟಿ ಇದ್ದಲ್ಲಿ ಉಳಿದವನ್ನು ಅದೇ ಬುಕಿಂಗಿನಲ್ಲಿ ಜೊತೆಗೆ ಬರುವವರು ಬಳಸಬಹುದು.' ಅಕ್ಕಾ, ಕೂಡಿಸೋಕೆ ಬರಲ್ಲ. ಹಂಚೋಕೆ ಬರುತ್ತೆ!"

ಅಕ್ಕ ಚೀಟಿ ಕಿತ್ತುಕೊಂಡು ಎರಡು ಸಲ ಓದಿದಳು. ಆಮೇಲೆ ಹಾಳೆ ತೆಗೆದಳು. ಎಂಟು ಜನ ಹೊರಟರೆ ಎಂಟು ಚೀಟಿಯೂ ನಡೆಯುತ್ತದೆ. ಅವಳು ಹಣ ಕೊಟ್ಟು ಪಡೆದ ಚೀಟಿಯಿಂದ ಉಳಿದ ಏಳು ಜನರ ಟಿಕೆಟ್ಟು ತಲಾ ಎಂಟನೇ ಒಂದು ಪಾಲು ಕಡಿಮೆಯಾಗುತ್ತದೆ. ಆ ಪಾಲನ್ನು ಅವರು ಕಂಪನಿಗೆ ಕೊಡುವ ಬದಲು ಅವಳಿಗೆ ಕೊಟ್ಟರೆ ಅವರಿಗೆ ನಷ್ಟವಿಲ್ಲ, ತನ್ನದೇ ಒಂದು ಚೀಟಿಯೂ ಸೇರಿ ಅವಳ ಟಿಕೆಟ್ಟು ಪೂರ್ತಿಯಾಗುತ್ತದೆ. ಇದು ಸರಿಯೋ ತಪ್ಪೋ ಎಂದು ಬೆಳಗ್ಗೆ ಕಂಪನಿಗೇ ಫೋನು ಮಾಡಿ ಕೇಳಿದಳು. ಬುಕಿಂಗ್ ಮೇಜಿನ ಹುಡುಗಿಯೇ ಸಿಕ್ಕಳು. "ನಮ್ಮ ಕಡೆಯಿಂದ ತೊಂದರೆ ಇಲ್ಲ ಮೇಡಂ. ನಿಮ್ಮನಿಮ್ಮೊಳಗೆ ಹೇಗೆ ಮಾಡ್ಕೊಂಡ್ರೂ ಸರಿ," ಎಂದಳು.

ಉಳಿದದ್ದು ಏಳು ಜನರನ್ನು ಹುಡುಕುವುದು. ಒಬ್ಬಳು ತಂಗಿ. ಅವಳ ಉಳಿತಾಯ ಹೊಸ ಮಿಷನ್ನಿಗೆಂದು ಇತ್ತು. ಹಳೆಯದು ಇನ್ನೊಂದು ವರ್ಷ ಓಡುತ್ತದೆಂದು ಅವಳೇ ತೀರ್ಮಾನಿಸಿದಳು. ಇನ್ನು ಆರು.

"ಲಾರಿಯವರನ್ನ ಕೇಳು," ಎಂದಳು ತಂಗಿ.

"ಯಾವ ಮುಖ ಇಟ್ಕೊಂಡು ಕೇಳಲೇ? ಮೂವತ್ತೊಂದು ವರ್ಷ ಅವರು ಕೇಳಿದ್ದಕ್ಕೆಲ್ಲ ಆಗಲ್ಲ ಅಂದಿದೀನಿ. ಈಗ ನಾನು ಬನ್ನಿ ಅಂದ್ರೆ ಅವರು ಆಗಲ್ಲ ಅಂತಾರೆ."

ಅದಕ್ಕೇ ಅಕ್ಕ ಎರಡು ದಿನ ಯಾರನ್ನೂ ಕೇಳಲಿಲ್ಲ. ಮೂರನೆಯ ದಿನ ಮೀಸೆಯ ಚೀಟಿಗೆ ಸಹಿ ಹಾಕುತ್ತ, ತಲೆ ಎತ್ತದೆ, ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು: ಗುಳ್ಳೆ, ಎಂಟು ಸಾಲು, ಚೀಟಿಯ ಹಿಂಬದಿ, ಯಾರು ಎಷ್ಟು ಕೊಡಬೇಕು. ಮೀಸೆ ಕಿಟಕಿಯ ಸರಳು ಹಿಡಿದು ಕೇಳಿದ.

"ಇಪ್ಪತ್ತು ವರ್ಷದಿಂದ ಹತ್ತೇ ಹತ್ತು ಕಿಲೋ ಬಿಡಿ ಅಂತ ಕೇಳ್ತಾ ಇದೀನಿ. ಒಂದು ದಿನ ಬಿಟ್ಟಿದೀರಾ?"

"ಇಲ್ಲ."

"ನನಗೆ ಬಿಡಲಿಲ್ಲ ಸರಿ. ನನ್ನ ವಿರುದ್ಧ ಹತ್ತು ಕಿಲೋ ಬರೆದಿದೀರಾ?"

"ಅದ್ಯಾಕೆ ಬರೀಲಿ?"

"ಅಷ್ಟೇ ಮತ್ತೆ. ನಿಮ್ಮ ಲೆಕ್ಕ ಅಂದ್ಮೇಲೆ ನಾನು ಇನ್ನೊಂದು ಸಲ ಕೂಡಿಸಿ ನೋಡಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನ ಹೆಂಡ್ತಿ ಎಲ್ಲಿಗಾದ್ರೂ ಕರ್ಕೊಂಡು ಹೋಗು ಅಂತ ಬೈತಾ ಇದಾಳೆ. ನಾವಿಬ್ರು ಬರ್ತೀವಿ. ನಮ್ಮತ್ತೇನೂ ಬರ್ತಾರೆ. ಅವರನ್ನ ಬಿಟ್ಟು ಹೋದ್ರೆ ವಾಪಸ್ ಬಂದಾಗ ನನಗೆ ಮನೆ ಇರಲ್ಲ." ಚೀಟಿ ತೆಗೆದುಕೊಳ್ಳುತ್ತ ಸೇರಿಸಿದ, "ಒಂದು ಮಾತು. ಹಡಗಿಗೆ ಹತ್ತಬೇಕಾದ್ರೆ ನಮ್ಮ ತಲೆ ಎಣಿಸಬೇಡಿ."

ಜೋಡೆತ್ತು ಎಂದು ಎಲ್ಲರೂ ಕರೆಯುವ ಅಣ್ಣತಮ್ಮಂದಿರು ಒಂದೇ ಲಾರಿಯನ್ನು ಸರದಿಯ ಮೇಲೆ ಓಡಿಸುತ್ತಾರೆ. ಮೀಸೆ ಅವರಿಬ್ಬರನ್ನೂ ಒಪ್ಪಿಸಿದ. ಅಲ್ಲಿಗೆ ಅಕ್ಕನೂ ಸೇರಿ ಏಳು. ಇನ್ನೊಬ್ಬರು ಬೇಕು. ಕ್ಯಾಂಟೀನಿನವನಿಗೆ ಬಾಗಿಲು ಹಾಕಲು ಆಗುವುದಿಲ್ಲ. ಗೇಟಿನ ಕಾವಲುಗಾರನಿಗೆ ನೀರೆಂದರೆ ಭಯ. ಅಕ್ಕನ ಬದಲಿ ಗುಮಾಸ್ತ ಬಂದರೆ ಆ ಮೂರು ದಿನ ವೇಬ್ರಿಡ್ಜಿನಲ್ಲಿ ಯಾರು? ಬುಕಿಂಗ್ ಮುಗಿಯುವ ಹಿಂದಿನ ದಿನದವರೆಗೂ ಎಂಟನೆಯವರು ಸಿಗಲಿಲ್ಲ. ಒಂದು ಚೀಟಿ ಕಡಿಮೆಯಾದರೆ ಅಕ್ಕನ ಟಿಕೆಟ್ಟಿಗೆ ಅಷ್ಟು ಕಡಿಮೆ. ಅದನ್ನು ತಾನು ಕೊಡುತ್ತೇನೆಂದು ಮೀಸೆ ಹೇಳಿದ. ಅಕ್ಕ ಒಪ್ಪಲಿಲ್ಲ. "ಇಪ್ಪತ್ತು ವರ್ಷ ನಿನಗೆ ಬಿಡದೇ ಇರೋದನ್ನ ಈಗ ನಾನು ತಗೊಳ್ಳಲಾ?"

ವರ್ಷಕ್ಕೊಮ್ಮೆ ವೇಬ್ರಿಡ್ಜನ್ನು ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರಿ ಅದೇ ದಿನ ಬಂದರು. ಅಳೆದು ತೂಗಿ ಮಾತಾಡುವ, ಷರಟಿನ ಮೇಲಿನ ಗುಂಡಿಯನ್ನೂ ಹಾಕುವ ಮನುಷ್ಯ. ಪ್ರಮಾಣದ ತೂಕದ ಕಲ್ಲುಗಳನ್ನು ಹಲಗೆಯ ನಾಲ್ಕು ಮೂಲೆಯಲ್ಲಿ ಇಡಿಸಿ ನೋಡಿದರು. ಎಂದಿನಂತೆ ದೋಷವಿರಲಿಲ್ಲ. ಒಳಗೆ ಬಂದು ಸಹಿ ಹಾಕಲು ಕೂತಾಗ ಮೇಜಿನ ಮೇಲೆ ತೆರೆದಿದ್ದ ನೋಟ್‌ಪುಸ್ತಕ ಕಣ್ಣಿಗೆ ಬಿತ್ತು.

"ಇದೇನಿದು? ಎಡಕ್ಕೆ ಒಂದೂವರೆ, ಬಲಕ್ಕೆ ಅರ್ಧ... ಯಾವ ಬ್ರಿಡ್ಜು?"

"ಬ್ರಿಡ್ಜಲ್ಲ ಸಾರ್, ಹಡಗು."

ಅವರು ಪೆನ್ನು ಕೆಳಗಿಟ್ಟರು. ಎಂಟು ಸಾಲನ್ನೂ ಬೆರಳಿಟ್ಟು ಓದಿದರು. "ರಸಮಟ್ಟ ತಿರುಗಿಸಿ ನೋಡಿದ್ರಾ?"

"ಎಂಟು ಸಲವೂ ಸಾರ್. ಎರಡನೇ ಕಾಲಮ್ಮು ಅದೇ."

"ಮೇಜು ಒಂದೇ ತಾನೆ?"

"ಕಿಟಕಿ ಪಕ್ಕದ ಮೂರನೇದು."

"ಒಂಬತ್ತನೇ ಸಾಲು ಖಾಲಿ ಇದೆ."

ಅಕ್ಕ ಕಾರಣ ಹೇಳಿದಳು. ಅಧಿಕಾರಿ ಅವಳ ರಸಮಟ್ಟವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ನಂತರ ಕೇಳಿದರು, "ನಿಮ್ಮ ರಸಮಟ್ಟದಲ್ಲಿ ಗೆರೆಗಳು ದೂರ ದೂರ ಇವೆ. ನನ್ನ ಹತ್ತಿರ ಇನ್ನೂ ಸೂಕ್ಷ್ಮವಾದದ್ದಿದೆ. ತಂದರೆ ನಿಮ್ಮ ಅಭ್ಯಂತರ ಏನೂ ಇಲ್ಲವಲ್ಲ?"

ಎಂಟನೆಯ ಚೀಟಿ ಹೀಗೆ ಹೋಯಿತು.

ಪ್ರಯಾಣದ ದಿನ ಹಡಗು ಸಂಜೆ ಐದಕ್ಕೆ ಹೊರಡುವುದಿತ್ತು. ನಾಲ್ಕೂವರೆಗೇ ಎಂಟೂ ಜನ ಟೀ ಕೋಣೆಯಲ್ಲಿದ್ದರು. ಟೀ ತರುವವನು ಮೂರನೆಯ ಮೇಜನ್ನು ಕಾದಿಟ್ಟಿದ್ದ. ಅಕ್ಕ ಈ ಸಲ ಇಳಿಯುವುದಿಲ್ಲ ಎಂದು ತಿಳಿದು ಅವನೂ ಟ್ರೇ ಹಿಡಿದು ಅಲ್ಲೇ ನಿಂತ. ಮೇಜಿನ ಮೇಲೆ ಅಕ್ಕನ ರಸಮಟ್ಟ, ಪಕ್ಕದಲ್ಲಿ ಅಧಿಕಾರಿಗಳ ಹಿತ್ತಾಳೆ ರಸಮಟ್ಟ. ಎರಡರಲ್ಲೂ ಗುಳ್ಳೆ ಎಡಕ್ಕಿತ್ತು.

"ಅತ್ತೆ, ಮೊಣಕೈ ತೆಗೀರಿ, ಮೇಜು ಬಗ್ಗುತ್ತೆ," ಎಂದ ಮೀಸೆ.

"ನನ್ನ ಮೊಣಕೈಗೆ ಹಡಗು ಬಗ್ಗೋದಾದ್ರೆ ನಾನು ಇಳಿದು ಹೋಗ್ತೀನಪ್ಪ," ಎಂದರು ಅತ್ತೆ. ಆದರೂ ತೆಗೆದರು.

ಐದು ಗಂಟೆಗೆ ಹಡಗಿನ ಕೊಂಬು ಮೊಳಗಿತು. ಕೆಳಗೆಲ್ಲೋ ಯಂತ್ರದ ಗುಡುಗು ಶುರುವಾಗಿ ಕಪ್ಪುಗಳು ಬಸಿಯ ಮೇಲೆ ಸಣ್ಣಗೆ ನಡುಗಿದವು. ಅಕ್ಕ ಬಗ್ಗಿ, ಗಲ್ಲವನ್ನು ಹೆಚ್ಚುಕಡಿಮೆ ಮೇಜಿಗೆ ತಾಗಿಸಿ ನೋಡುತ್ತಿದ್ದಳು. ಯಾವಾಗ ಎಳೆತ ಬರುತ್ತದೆ, ಯಾವಾಗ ಗುಳ್ಳೆ ಹಾರುತ್ತದೆ ಎಂದು ಕಾಯುತ್ತಿದ್ದಳು. ಗುಳ್ಳೆ ಹಾರಲಿಲ್ಲ. ಎಡದಿಂದ ನಡುವಿನತ್ತ ಒಂದು ಗೆರೆ ಬಂತು. ಮತ್ತೆ ಅರ್ಧ ಗೆರೆ. ಹಿತ್ತಾಳೆಯದರಲ್ಲೂ ಹಾಗೇ, ಇರುವೆ ನಡೆದಂತೆ.

"ಇನ್ನೂ ಹೊರಟಿಲ್ವಾ?" ಎಂದು ಅಕ್ಕ ಕಣ್ಣೆತ್ತದೆ ಕೇಳಿದಳು.

ಕಿಟಕಿಗೆ ಮುಖ ಒತ್ತಿ ನಿಂತಿದ್ದ ತಂಗಿ ಕಿರುಚಿದಳು. "ಅಕ್ಕಾ! ನಿನ್ನ ವೇಬ್ರಿಡ್ಜು ಹೋಗ್ತಾ ಇದೆ!"

ಅಕ್ಕ ತಲೆ ಎತ್ತಿದಳು. ಎರಡನೆಯ ಗೇಟು, ಕಬ್ಬಿಣದ ಹಲಗೆ, ಎರಡು ಕಿಟಕಿಯ ಕೋಣೆ, ಅದರ ಮುಂದೆ ಸಾಲುಗಟ್ಟಿ ನಿಂತ ಲಾರಿಗಳು, ಎಲ್ಲವೂ ಕಿಟಕಿಯಲ್ಲಿ ಎಡದಿಂದ ಬಲಕ್ಕೆ ಸದ್ದಿಲ್ಲದೆ ಸರಿಯುತ್ತಿದ್ದವು. ಬದಲಿ ಗುಮಾಸ್ತ ಹೊರಗೆ ಬಂದು ಕೈ ಬೀಸುತ್ತಿದ್ದ. ಅವಳು ಮತ್ತೆ ಮೇಜಿನ ಮೇಲೆ ಬಗ್ಗಿದಳು. ಗುಳ್ಳೆ ಎರಡು ಗೆರೆಗಳ ನಡುವೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ನಿಂತಿತ್ತು. ಅಧಿಕಾರಿಗಳು ತಮ್ಮದನ್ನು ತಿರುಗಿಸಿಟ್ಟು ನೋಡಿದರು. ಅಲ್ಲೂ ಅದೇ.

"ಹಗ್ಗ ಬಿಚ್ಚಿದ್ರು, ಸರಕು ಇಳಿಸೋದು ಹತ್ತಿಸೋದು ನಿಂತಿತು," ಎಂದರು ಅವರು ಮೆಲ್ಲಗೆ. "ಈಗ ಅದು ತನ್ನಷ್ಟಕ್ಕೆ ತಾನಿದೆ. ಇರಬಹುದು. ಒಂದೇ ರೀಡಿಂಗಿನಿಂದ ಹೇಳೋಕಾಗಲ್ಲ."

ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ನೆಟ್ಟಗೆ ನಿಂತು, ಮೂರು ವಾರದಿಂದ ಬಾಯೊಳಗೇ ಉಳಿದಿದ್ದ ದನಿಯನ್ನು ಪೂರ್ತಿ ಬಿಟ್ಟು ಕೂಗಿದಳು.

"ಸೊನ್ನೆ!"

ಅಕ್ಕಪಕ್ಕದ ಮೇಜಿನವರು ಬೆಚ್ಚಿ ತಿರುಗಿದರು. ಮೀಸೆ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟ.

ನೋಟ್‌ಪುಸ್ತಕದಲ್ಲಿ ಒಂಬತ್ತನೆಯ ಸಾಲಿಗೆ ಅಂಕಿ ಬಿತ್ತು. ಸಮಯ ಬರೆಯಲು ಹೋದಾಗ ಅಕ್ಕನಿಗೆ ಗಡಿಯಾರ ನೋಡಲು ಮರೆತುಹೋದದ್ದು ನೆನಪಾಯಿತು. ಮೂವತ್ತೊಂದು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಮೀಸೆಯ ಹೆಂಡತಿ ಅಂಗೈ ಮುಂದೆ ಹಿಡಿದಳು. ಐದು ಗಂಟೆ ಒಂಬತ್ತು ನಿಮಿಷ ಎಂದು ಪೆನ್ನಿನಲ್ಲಿ ಬರೆದುಕೊಂಡಿದ್ದಳು. "ನಿಮ್ಮ ಜೊತೆ ಸೇರಿ ನನಗೂ ಹುಚ್ಚು ಹಿಡೀತು ಅಕ್ಕ."

ಬಂದರಿನ ಕಲ್ಲುಗೋಡೆ ದಾಟಿದ ಮೇಲೆ ಮೊದಲ ಅಲೆ ಸಿಕ್ಕಿತು. ಗುಳ್ಳೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ. ಜೋಡೆತ್ತುಗಳಲ್ಲಿ ತಮ್ಮನಾದವನು ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದ. ತಂಗಿ ಕಿಟಕಿ ಬಿಟ್ಟು ಕದಲಲಿಲ್ಲ. ಅಧಿಕಾರಿಗಳು ಷರಟಿನ ಮೇಲಿನ ಗುಂಡಿ ಬಿಚ್ಚಿ, ಗುಳ್ಳೆ ಒಂದು ಕಡೆಯಿಂದ ಹೊರಟು ಮರಳಲು ಎಷ್ಟು ಸೆಕೆಂಡು ಎಂದು ಎಣಿಸತೊಡಗಿದರು. ಅಕ್ಕ ಒಂಬತ್ತನೆಯ ಸಾಲಿನ ಕೆಳಗೆ ಸ್ಕೇಲು ಇಟ್ಟು ಹತ್ತನೆಯದನ್ನು ಎಳೆದಳು. ಹಡಗು ಅಲುಗಿ ಗೆರೆ ಸೊಟ್ಟಗೆ ಬಂತು. ಅವಳು ಅದನ್ನು ಅಳಿಸಲಿಲ್ಲ.